ಘ್ರಾಣವೂ ಧರ್ಮವೂ

ಬಿಲದಲ್ಲಿ ಬೆಳೆಯುವ ಕೆಲವು ಪೆಟ್ರೆಲ್ ಹಕ್ಕಿಗಳ ಮರಿಯು ತನ್ನ ಗೂಡನ್ನು ವಾಸನೆಯಿಂದಲೇ ಗುರುತಿಸಬಲ್ಲುದು. ಅದರ ತಾಯ್ತಂದೆಗಳೂ ಕಡಲ ಪಾಚಿಯ ಗಂಧವನ್ನು ಹಿಡಿದು ಆಹಾರವನ್ನರಸುವುವು. ಸಮುದ್ರದಲ್ಲಿ ತೇಲುವ ಪ್ಲಾಸ್ಟಿಕ್ಕಿಗೂ ಪಾಚಿ ಹತ್ತಿ ಅದೇ ಗಂಧ ಬರುವುದೆಂದು 2016ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ತಾಯಿ ಕಕ್ಕಿ ಉಣಿಸಿದುದನ್ನು ಮರಿಯು ನಂಬಿ ನುಂಗುವುದು. ಇಲ್ಲಿ ತಪ್ಪು ಯಾರದು? ಮೂಗು ಸುಳ್ಳಾಡಲಿಲ್ಲ, ವಾತ್ಸಲ್ಯವೂ ಕುಂದಲಿಲ್ಲ.

ಬಾದಾಮಿ, ಹುನಗುಂದದ ಸೀಮೆಗೆ ಕಡಲು ದೂರವೆಂಬ ಸಮಾಧಾನ ಸಲ್ಲದು. ಮಲಪ್ರಭೆಯು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಕೂಡುವಳು; ಕೃಷ್ಣೆಯು ಬಂಗಾಳ ಕೊಲ್ಲಿಯನ್ನು ಸೇರುವಳು. ದಂಡೆಯಲ್ಲಿ ಕಸವೆಸೆದವನು ಆ ಮರಿಯನ್ನು ಕಾಣಲಾರನು. ಆದರೂ ಮೋಸಹೋದುದು ಹಕ್ಕಿ, ಮೋಸಕ್ಕೆ ಕಾರಣನು ಅವನು. ಇದನ್ನರಿತ ಮೇಲೂ ಎಸೆದರೆ ಅಜ್ಞಾನದ ನೆವವೂ ಅವನಿಗೆ ಉಳಿಯದು.