ಉಣ್ಣದವರ ಎಲೆ

ಗತಿಸಿದವರಿಗೆ ಬಡಿಸಿದ ಅನ್ನವು ಅವರನ್ನು ಮುಟ್ಟುವುದಾದರೆ, ದೂರದೇಶಕ್ಕೆ ಹೊರಟವನಿಗೆ ಬುತ್ತಿಯೇಕೆ, ಅವನ ಹೆಸರಿನಲ್ಲಿ ಮನೆಯಲ್ಲಿಯೇ ಎಲೆಯಿಕ್ಕಿದರೆ ಸಾಲದೇ ಎಂದು ಪರಲೋಕವನ್ನೊಪ್ಪದ ಚಾರ್ವಾಕರು ಕೇಳಿದುದನ್ನು 14ನೆಯ ಶತಮಾನದ ಸರ್ವದರ್ಶನಸಂಗ್ರಹದಲ್ಲಿ ಮಾಧವಾಚಾರ್ಯರು ನಿರೂಪಿಸಿದ್ದಾರೆ. ಕೋಪದಿಂದ ತಳ್ಳಿಹಾಕತಕ್ಕ ಪ್ರಶ್ನೆ ಇದಲ್ಲ.

ಚಂದ್ರಗಿರಿ ಹೊಳೆಯ ಬಡಗಣ ಕಾಸರಗೋಡಿನಲ್ಲಿ, ಕುಂಬಳೆ ಮಂಜೇಶ್ವರಗಳ ತುಳುವ ಮನೆಗಳಲ್ಲಿ, ಆಟಿ ತಿಂಗಳ ಮಳೆ ಹಿಡಿದಿರುವಾಗ ಗತಿಸಿದ ಹಿರಿಯರಿಗೆ ಅಗೆಲು ಎಂಬ ಎಡೆ ಬಡಿಸುವ ಪದ್ಧತಿಯಿದೆ. ಕೊಡಿಬಾಳೆಲೆಯ ಮೇಲೆ ಅನ್ನ, ಕೋಳಿಯ ಪದಾರ್ಥ, ಬದುಕಿದ್ದಾಗ ಅವರಿಗೆ ಮೆಚ್ಚಾಗಿದ್ದ ತಿನಿಸು, ಕುಡಿಯುವವರಾಗಿದ್ದರೆ ಕಳ್ಳು, ಇವೆಲ್ಲವನ್ನೂ ಬಡಿಸಿ, ದೀಪವಿರಿಸಿ, ಕೈಮುಗಿದು, ಕೆಲವು ಮನೆಗಳಲ್ಲಿ ಬಾಗಿಲನ್ನೂ ಮುಚ್ಚಿಕೊಂಡು ಮನೆಮಂದಿಯೆಲ್ಲ ಹೊರಗೆ ನಿಲ್ಲುವರು. ಹಸಿದ ಮಗು ಅಡುಗೆಯ ಪರಿಮಳಕ್ಕೆ ಎಷ್ಟು ಹಾತೊರೆದರೂ, ಅಜ್ಜನ ಊಟವಾಗಲೆಂದು ಅದನ್ನು ತಡೆಯುವರು. ಬಾಗಿಲು ತೆರೆದಾಗ ಒಂದಗುಳೂ ಕಡಿಮೆಯಾಗಿರುವುದಿಲ್ಲ. ಅದನ್ನೇ ಹಂಚಿಕೊಂಡು ಉಣ್ಣುವರು.

ಕೊರಿಯಾ ದೇಶದಲ್ಲಿಯೂ ಪಿತೃಗಳಿಗೆ ಜೆಸಾ ಎಂಬ ಅರ್ಪಣೆಯುಂಟು. ಅನ್ನದ ಬಟ್ಟಲಲ್ಲಿ ಚಮಚವನ್ನು ನೆಟ್ಟಗೆ ನಿಲ್ಲಿಸಿ, ಹೊರಗೆ ಹೋಗಿಯೋ ತಲೆಬಾಗಿಯೋ ಕಾದಿದ್ದು, ಬಳಿಕ ಆ ನೈವೇದ್ಯವನ್ನೇ ಬಂಧುಗಳು ಕೂಡಿ ಉಣ್ಣುವರು. ನಿತ್ಯದ ಊಟದಲ್ಲಿ ಹಾಗೆ ಚಮಚ ನಿಲ್ಲಿಸುವುದು ಅಶುಭ; ಆದರೆ ಹಿರಿಯರು ಚಮಚವೆತ್ತುವ ತನಕ ಕಿರಿಯರು ಎತ್ತಬಾರದೆಂಬ ನಿಯಮವು ನಿತ್ಯಕ್ಕೂ ಸಲ್ಲುವುದು. ಕೊರಿಯನ್ನರು ಮನ್ನಿಸುವ ಕನ್‌ಫ್ಯೂಷಿಯಸನು, ಪಿತೃಗಳು ಎದುರಿಗಿರುವರೆಂಬ ಭಾವದಿಂದಲೇ ಅರ್ಪಿಸಬೇಕೆಂದು ತಿಳಿದಿದ್ದವನು.

ಚಾರ್ವಾಕನು ಅನ್ನವು ಎಲ್ಲಿಗೆ ತಲುಪಿತೆಂದು ಕೇಳಿದನು. ಬಡಿಸಿ ಕಾದವನಿಗೆ ಏನಾಯಿತೆಂದು ಕೇಳುವುದು ಉಳಿಯಿತು. ಬದುಕಿರುವ ಅತಿಥಿಯು ಉಪಕಾರ ತೀರಿಸಬಲ್ಲನು, ಊರಲ್ಲಿ ಆಡಿಕೊಳ್ಳಲೂ ಬಲ್ಲನು. ಅವನಿಗಾಗಿ ಹಸಿವನ್ನು ತಡೆಯುವುದರಲ್ಲಿ ಲೆಕ್ಕಾಚಾರವು ಎಳ್ಳಷ್ಟಾದರೂ ಬೆರೆತಿರುತ್ತದೆ. ಏನನ್ನೂ ಹಿಂದಿರುಗಿಸಲಾರದವರಿಗಾಗಿ ಕಾಯುವಾಗ ಆ ಬೆರಕೆ ಬಹುಮಟ್ಟಿಗೆ ಕಳೆದುಹೋಗುತ್ತದೆ. ಹಿರಿಯರು ಮುನಿದಾರೆಂಬ ಭಯವೂ ಅಗೆಲಿನಲ್ಲಿ ಇಲ್ಲದಿಲ್ಲ. ಆದರೆ ಭಯವೊಂದೇ ಆಗಿದ್ದರೆ, ಅವರ ಮೆಚ್ಚಿನ ತಿನಿಸನ್ನು ನೆನೆನೆನೆದು ಮಾಡುವ ಅಕ್ಕರೆ ಎಲ್ಲಿಂದ ಬಂದೀತು? ತನಗಾಗಿಯೇ ಅಟ್ಟುಣ್ಣುವುದನ್ನು ಪಾಪವೆಂದೆಣಿಸುವ ಗೀತೆಯ ಮೂರನೆಯ ಅಧ್ಯಾಯದ ತತ್ತ್ವವನ್ನು, ಅಕ್ಷರವರಿಯದ ಅಜ್ಜಿಯರು ಆ ಮುಚ್ಚಿದ ಬಾಗಿಲಿನ ಹೊರಗೆ ಮಕ್ಕಳಿಗೆ ಕಲಿಸುತ್ತ ಬಂದರು.

ಆದರೆ ನಿತ್ಯದ ಊಟದಲ್ಲಿ ಈ ಕಾಯುವಿಕೆಯೆಲ್ಲ ಅಟ್ಟವಳೊಬ್ಬಳ ಪಾಲಿಗೇ ಉಳಿದಿರುವುದು ನನಗೆ ಸಲ್ಲದೆಂದು ತೋರುತ್ತದೆ. ಅಜ್ಜನ ಎಲೆಗಾಗಿ ಹೊರಗೆ ನಿಲ್ಲಬಲ್ಲ ಗಂಡಸರು, ಅವಳ ಎಲೆಯನ್ನೂ ಹಾಸಿ, ಅವಳು ಕುಳಿತ ಮೇಲೆ ತುತ್ತೆತ್ತಲಿ.