ಗ್ರಂಜ್‌ನಿಂದ ಗ್ರೇಂಜ್‌ಗೆ

ನಿರ್ವಾಣ ಬ್ಯಾಂಡಿನ ಮೂವರಲ್ಲಿ ಕರ್ಟ್ ಕೋಬೇನ್ ಎಲ್ಲರಿಗೂ ಗೊತ್ತು. ಡ್ರಮ್ಸ್ ಬಾರಿಸುತ್ತಿದ್ದ ಡೇವ್ ಗ್ರೋಲ್ ಆಮೇಲೆ ಫೂ ಫೈಟರ್ಸ್ ಕಟ್ಟಿ ಸ್ಟೇಡಿಯಂಗಳನ್ನೇ ತುಂಬಿಸಿದ. ಮೂರನೆಯವನು ಆರಡಿ ಏಳಂಗುಲದ ಬಾಸ್ ವಾದಕ ಕ್ರಿಸ್ಟ್ ನೊವೊಸೆಲಿಚ್. ಅವನ ಹೆಸರು ಹೇಳಿದರೆ ಹೆಚ್ಚಿನವರಿಗೆ ನೆನಪಾಗೋದು 1992ರ ಎಂಟಿವಿ ಪ್ರಶಸ್ತಿ ಸಮಾರಂಭ. ಬಾಸ್ ಗಿಟಾರನ್ನ ಮೇಲಕ್ಕೆ ಎಸೆದ, ಹಿಡಿಯೋಕೆ ಹೋದ, ಅದು ಬಂದು ತಲೆಗೇ ಬಡಿಯಿತು.

ನನಗೆ ಆ ಏಟಿಗಿಂತ ಅವನ ಆಮೇಲಿನ ಬದುಕಿನ ಮೇಲೆ ಕುತೂಹಲ. 1994ರ ಏಪ್ರಿಲ್‌ನಲ್ಲಿ ಕೋಬೇನ್ ತೀರಿಕೊಂಡಾಗ ಇವನಿಗೆ 28. ನಮ್ಮ ಲೆಕ್ಕದಲ್ಲಿ ಹೆಸರಿನ ಹಿಂದೆ ‘ಸೀನಿಯರ್’ ಅಂಟಿಕೊಳ್ಳೋ ವಯಸ್ಸು. ಜಗತ್ತು ಅವನನ್ನ ಯಾವುದಕ್ಕೆ ನೆನಪಿಟ್ಟುಕೊಳ್ಳುತ್ತೋ ಅದೆಲ್ಲ ಅಷ್ಟರಲ್ಲಿ ಮುಗಿದುಹೋಗಿತ್ತು.

ಅಪ್ಪ ಅಮ್ಮ ಕ್ರೊಯೇಷಿಯಾದಿಂದ ವಲಸೆ ಬಂದವರು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಹುಡುಗ 1979ರಲ್ಲಿ ಮನೆಯವರ ಜೊತೆ ವಾಷಿಂಗ್ಟನ್ ರಾಜ್ಯದ ಆಬರ್ಡೀನ್‌ಗೆ ಬಂದ. ಅದು ಮರ ಕಡಿದು ಬದುಕುತ್ತಿದ್ದ ಊರು. ಮರುವರ್ಷ ಮನೆಯವರು ಅವನನ್ನ ಆಗಿನ ಯುಗೊಸ್ಲಾವಿಯಾದ ಝಾದರ್‌ನಲ್ಲಿದ್ದ ನೆಂಟರ ಮನೆಗೆ ಕಳಿಸಿದರು. ಅಮ್ಮನದ್ದು ಆಬರ್ಡೀನ್‌ನಲ್ಲಿ ಹೇರ್ ಸಲೂನ್, ಅದರ ಮಹಡಿ ಮೇಲೆ ಇವನೂ ಕೋಬೇನೂ ಪ್ರಾಕ್ಟೀಸ್ ಮಾಡುತ್ತಿದ್ದರು. ಬೋಸ್ನಿಯಾದಲ್ಲಿ ಯುದ್ಧ ಶುರುವಾದಾಗ ಇವನಿಗೆ ಅದು ಬರೀ ಟೀವಿ ಸುದ್ದಿ ಆಗಿರಲಿಲ್ಲ. ಅಲ್ಲಿ ಅತ್ಯಾಚಾರಕ್ಕೊಳಗಾದ ಹೆಂಗಸರ ನೆರವಿಗೆ ನಿರ್ವಾಣ 1993ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋ ಹತ್ತಿರ ಒಂದು ಕಛೇರಿ ಕೊಟ್ಟಿತು.

ಗೆಳೆಯ ಸತ್ತ ಮರುವರ್ಷ ಸಂಗೀತಗಾರರ ಪರವಾಗಿ ರಾಜಕೀಯದವರ ಹತ್ತಿರ ಮಾತಾಡೋಕೆ ‘ಜ್ಯಾಂಪ್ಯಾಕ್’ ಅನ್ನೋ ಸಂಸ್ಥೆ ಕಟ್ಟಿದ. ಆಗ ಸಿಯಾಟಲ್‌ನಲ್ಲಿ ಹದಿಹರೆಯದವರ ಡಾನ್ಸ್ ಕಾರ್ಯಕ್ರಮ ನಡೆಸಬೇಕಾದರೆ ವಿಮೆ, ಕಾವಲು ಅಂತ ಎಷ್ಟು ಷರತ್ತು ಇತ್ತೆಂದರೆ ಯಾರೂ ಆ ಉಸಾಬರಿಗೇ ಹೋಗುತ್ತಿರಲಿಲ್ಲ. ಆ ಕಾನೂನಿನ ವಿರುದ್ಧ ಹೋರಾಡಿದವರಲ್ಲಿ ಇವನೂ ಒಬ್ಬ, 2002ರಲ್ಲಿ ಅದು ಹೋಯಿತು. 2004ರಲ್ಲಿ ‘ಆಫ್ ಗ್ರಂಜ್ ಅಂಡ್ ಗವರ್ನಮೆಂಟ್’ ಪುಸ್ತಕ ಬರೆದ, 2007ರಿಂದ ಕೆಲವು ವರ್ಷ ‘ಸಿಯಾಟಲ್ ವೀಕ್ಲಿ’ಗೆ ಅಂಕಣ. ಕೋಬೇನ್ ಬಗ್ಗೆ ಗುಟ್ಟು ಸಿಗುತ್ತೆ ಅಂತ ಆ ಪುಸ್ತಕ ಕೊಳ್ಳೋರು ನಿರಾಶರಾಗ್ತಾರೆ. ಅದರ ಹೆಚ್ಚಿನ ಕಾಳಜಿ ಓಟು ಎಣಿಸೋ ವಿಧಾನದ ಮೇಲೆ!

ಅವನು ನೆಲೆಸಿದ್ದು ವಕಾಯಕಮ್ ಅನ್ನೋ ಕೌಂಟಿಯಲ್ಲಿ. ಇಡೀ ಕೌಂಟಿಯ ಜನಸಂಖ್ಯೆ ಸುಮಾರು 4,000, ಅಂದರೆ ವೈಟ್‌ಫೀಲ್ಡಿನ ಎರಡು ದೊಡ್ಡ ಅಪಾರ್ಟ್‌ಮೆಂಟಿನಷ್ಟು. ಅಲ್ಲಿ ಅವನು ಗ್ರೇಂಜ್ ಸೇರಿದ. ಗ್ರೇಂಜ್ ಅಂದರೆ 1867ರಲ್ಲಿ ಶುರುವಾದ ಅಮೆರಿಕದ ರೈತರ ಸಂಘ. ರೈಲು ಕಂಪನಿಗಳ ದರದ ವಿರುದ್ಧ ಹಿಂದೆ ದೊಡ್ಡ ಜಗಳ ಮಾಡಿದ ಸಂಘ, ಈಗ ಹೆಚ್ಚಾಗಿ ಊರಿನ ಹಾಲ್, ಊಟ, ಮೀಟಿಂಗು. ಇವನು ಅಲ್ಲಿನ ಶಾಖೆಯ ಮುಖ್ಯಸ್ಥನೂ ಆದ. ಕೋಟಿಗಟ್ಟಲೆ ಮಾರಾಟವಾದ ‘ನೆವರ್‌ಮೈಂಡ್’ನಲ್ಲಿ ಬಾಸ್ ಬಾರಿಸಿದವನು!

ನಮ್ಮ ಆಫೀಸಿನಲ್ಲಿ ಯಾರಾದರೂ ಹೀಗೆ ಮಾಡಿದರೆ ‘ವೇಸ್ಟ್ ಆದ’ ಅಂತೀವಿ. ನಮಗೆ ಎಲ್ಲಕ್ಕೂ ಸ್ಕೇಲ್ ಬೇಕು. ಹತ್ತು ಲಕ್ಷ ಜನ ಬಳಸೋ ಆ್ಯಪಿನಲ್ಲಿ ಒಂದು ಬಟನ್ ಜರುಗಿಸೋದು ದೊಡ್ಡ ಕೆಲಸ, ನಲವತ್ತು ಜನರ ಮೀಟಿಂಗಿನಲ್ಲಿ ಕೂರೋದು ಟೈಮ್‌ಪಾಸ್. ನಮ್ಮೂರಿನ ಹಾಲಿನ ಸಂಘದಲ್ಲಿ ಅಪ್ಪ ಎರಡು ಅವಧಿ ಡೈರೆಕ್ಟರ್ ಆಗಿದ್ದರು. ಯಾರ ಹಾಲಿಗೆ ಫ್ಯಾಟ್ ಕಡಿಮೆ ಬಂತು, ಹಿಂಡಿ ಮೂಟೆ ಯಾರಿಗೆ ಮೊದಲು, ಇಂಥದ್ದೇ ಜಗಳ. ರಾತ್ರಿ ಮನೆಗೆ ಬಂದರೆ ಅಮ್ಮ, “ಮೀಟಿಂಗಿಂದ ಏನ್ ತಂದ್ರಿ, ಬರೀ ಎಲೆಅಡಿಕೆನಾ?” ಅನ್ನೋರು. ಆದರೆ ಅಪ್ಪ ಹೋಗದೇ ಇದ್ದಿದ್ದರೆ ಆ ಕುರ್ಚಿ ಖಾಲಿ ಇರ್ತಿರಲಿಲ್ಲ. ಹಿಂಡಿ ಮೂಟೆ ಮೇಲೆ ಕಣ್ಣಿದ್ದವನೇ ಬಂದು ಕೂರ್ತಿದ್ದ. ಗೊತ್ತಿದ್ದವನು ಎದ್ದುಹೋಗಿ ಜಾಗ ಬಿಟ್ಟುಕೊಟ್ಟರೆ ಆಮೇಲೆ ಆಗೋದರಲ್ಲಿ ಅವನ ಪಾಲು ಎಷ್ಟು? ಊರು ಬಿಟ್ಟು ಬಂದ ನಾವೆಲ್ಲ ಈ ಪ್ರಶ್ನೆಯನ್ನ ಸಂಬಳದ ಲೆಕ್ಕದಲ್ಲಿ ಮುಚ್ಚಿಹಾಕ್ತೀವಿ: ದುಡ್ಡು ಕಳಿಸ್ತೀವಲ್ಲ, ಸಾಕಲ್ಲ.

ಅವನಿಗೇನಪ್ಪ, ರಾಯಲ್ಟಿ ಬರುತ್ತೆ, ಎಲ್ಲಿ ಬೇಕಾದರೂ ಕೂರಬಹುದು ಅನ್ನಬಹುದು. ನಿಜ. ಆದರೆ ರಾಯಲ್ಟಿ ಬರೋರೆಲ್ಲ ಹೋಗಿ ರೈತರ ಹಾಲಿನಲ್ಲಿ ಕೂರಲ್ಲ. ಎರಡು ಹೊತ್ತು ಹಾಲು ಕರೆದು ಮೀಟಿಂಗಿಗೆ ಹೋಗ್ತಿದ್ದ ಅಪ್ಪನಿಗೆ ಯಾವ ರಾಯಲ್ಟಿಯೂ ಇರಲಿಲ್ಲ.

ಅವನ ಕೆಲಸವೆಲ್ಲ ಗೆದ್ದಿತು ಅಂತೇನೂ ಅಲ್ಲ. 2009ರಲ್ಲಿ ಕೌಂಟಿ ಕ್ಲರ್ಕ್ ಹುದ್ದೆಗೆ ನಿಂತ, ಪಕ್ಷದ ಜಾಗದಲ್ಲಿ ‘ಗ್ರೇಂಜ್ ಪಾರ್ಟಿ’ ಅಂತ ಬರೆಸಿದ. ಅಂಥ ಪಾರ್ಟಿಯೇ ಇಲ್ಲ. ಯಾರು ಬೇಕಾದರೂ ಯಾವ ಹೆಸರು ಬೇಕಾದರೂ ಹಾಕಿಕೊಳ್ಳಬಹುದಾದ ಆ ರಾಜ್ಯದ ಪದ್ಧತಿಯನ್ನ ಅಣಕಿಸೋಕೆ ಹಾಗೆ ಮಾಡಿದ್ದು, ಆಮೇಲೆ ಹಿಂದೆ ಸರಿದ. ನನಗದು ಸ್ವಲ್ಪ ಹುಡುಗಾಟ ಅನ್ನಿಸ್ತು.

ಅದೇ ಹೊತ್ತಿಗೆ ‘ಫೇರ್‌ವೋಟ್’ ಸಂಸ್ಥೆಯ ಮಂಡಳಿಯ ಅಧ್ಯಕ್ಷನಾಗಿ ಅವನು ಹಿಡಿದಿದ್ದ ಕೆಲಸ ಹುಡುಗಾಟವಲ್ಲ. ಒಬ್ಬನಿಗೇ ಮುದ್ರೆ ಒತ್ತೋ ಬದಲು ಅಭ್ಯರ್ಥಿಗಳಿಗೆ 1, 2, 3 ಅಂತ ಕ್ರಮ ಕೊಡಬೇಕು. ಮೊದಲ ಎಣಿಕೆಯಲ್ಲಿ ಯಾರಿಗೂ ಅರ್ಧಕ್ಕಿಂತ ಹೆಚ್ಚು ಬರದಿದ್ದರೆ ಕೊನೆಯವನನ್ನ ತೆಗೆದು ಅವನ ಓಟುಗಳನ್ನ ಮುಂದಿನ ಆಯ್ಕೆಗೆ ಹಂಚ್ತಾರೆ. ಮನಸ್ಸಿಗೆ ಒಪ್ಪಿದವನಿಗೆ ಓಟು ಹಾಕಿದರೆ ವೇಸ್ಟ್ ಆಗುತ್ತೆ ಅನ್ನೋ ಭಯ ಹೋಗುತ್ತೆ. ಅಮೆರಿಕದಲ್ಲಿ ಇದಕ್ಕೆ ಚಳವಳಿ ಬೇಕು. ನಮ್ಮಲ್ಲಿ ರಾಷ್ಟ್ರಪತಿ ಆಯ್ಕೆ ಆಗೋದೇ ಹೀಗೆ. ಕರ್ನಾಟಕ ವಿಧಾನ ಪರಿಷತ್ತಿನ 75 ಸ್ಥಾನಗಳಲ್ಲಿ ಪದವೀಧರರಿಗೆ ಅಂತ ಇರೋ ಏಳಕ್ಕೂ ಹೀಗೇ. ಅದಕ್ಕೆ ಪದವಿ ಮುಗಿದು ಮೂರು ವರ್ಷ ಆಗಿರಬೇಕು, ಬೇರೆಯೇ ಫಾರಂ ತುಂಬಿ ಹೆಸರು ಸೇರಿಸಬೇಕು. ನನ್ನ ಟೀಮಿನಲ್ಲಿ ಹದಿನಾಲ್ಕು ಜನ, ಎಲ್ಲರೂ ಬಿಇ. ಹೆಸರು ಸೇರಿಸಿದವರು ಇಬ್ಬರು.

ಇದನ್ನ ಅಪ್ಪನಿಗೆ ವಿವರಿಸಿದೆ. ಎಣಿಕೆಯ ಕ್ರಮ ಒಂದೇ ಸಲಕ್ಕೆ ಅರ್ಥವಾಯಿತು. “ನಮ್ ಡೈರಿ ಎಲೆಕ್ಷನ್ನಿಗೂ ಹಿಂಗೇ ಮಾಡಿದ್ರೆ ಅರ್ಧ ಜಗಳ ಇರ್ತಿರಲಿಲ್ಲ ಕಣೋ,” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಅಲ್ಲ ಮಗ, ಓದಿದೋರಿಗೆ ಒಂದ್ ಓಟು ಜಾಸ್ತಿ ಯಾಕೆ?” ಅಂತ ಕೇಳಿದರು.

ಪುಸ್ತಕದಲ್ಲಿರೋ ಕಾರಣ ಹೇಳೋಕೆ ಹೊರಟೆ. ಅರ್ಧಕ್ಕೇ ನಿಲ್ಲಿಸಿದೆ.