ನಕ್ಕ ಮರುದಿನ

ವಾದ ಶುರುವಾದದ್ದು ಮದುವೆಯ ಊಟದ ನಂತರ. ಕಡೂರಿನಲ್ಲಿ ಗೆಳೆಯನ ಮಗಳ ನಿಕಾಹ್ ಮುಗಿಸಿಕೊಂಡು ನಾವು ನಾಲ್ವರು ರೈಲು ನಿಲ್ದಾಣದ ಹತ್ತಿರದ ಟೀ ಅಂಗಡಿಯಲ್ಲಿ ಕುಳಿತಿದ್ದೆವು. ಅಜ್ಜಂಪುರದ ಮೇಷ್ಟ್ರ ರೈಲಿಗೆ ಇನ್ನೂ ಒಂದೂವರೆ ಗಂಟೆಯಿತ್ತು. ತರೀಕೆರೆಯ ಅಡಿಕೆ ವ್ಯಾಪಾರಿಗೆ ಬಸ್ಸಿನ ಅವಸರವಿರಲಿಲ್ಲ. ಜೊತೆಗೆ ಮದುವೆ ಮನೆಯ ಕಡೆಯ ಒಬ್ಬ ಕಾಲೇಜು ಹುಡುಗ. ಗೋಡೆಯ ಮೇಲಿನ ಟೀವಿಯಲ್ಲಿ ಯಾವುದೋ ಹಾಸ್ಯ ಕಾರ್ಯಕ್ರಮ ಓಡುತ್ತಿತ್ತು. ಅದನ್ನು ನೋಡುತ್ತಾ ವ್ಯಾಪಾರಿ ಒಂದು ಮಾತು ಎಸೆದರು: "ಏನೇ ಹೇಳಿ ಸಾಹೇಬ್ರೆ, ನಗಿಸಿದರೆ 'ಪಾಪ ಪಾಂಡು' ನಗಿಸಬೇಕು. ಆಮೇಲೆ ಬಂದದ್ದೆಲ್ಲ ಬರೀ ಗಲಾಟೆ."

ಮೇಷ್ಟ್ರು ಒಪ್ಪಲಿಲ್ಲ. ಅವರದು 'ಸಿಲ್ಲಿ ಲಲ್ಲಿ' ಪಕ್ಷ. ಎರಡೂ ಈಟೀವಿ ಕನ್ನಡದಲ್ಲಿ ಬಂದವು. 2000ದ ಡಿಸೆಂಬರ್‌ನಲ್ಲಿ ಆರಂಭವಾದ ಆ ವಾಹಿನಿ 2015ರಲ್ಲಿ ಕಲರ್ಸ್ ಕನ್ನಡ ಎಂದು ಹೆಸರು ಬದಲಿಸಿಕೊಂಡಿತು. ಆದರೆ ನಮ್ಮ ವಯಸ್ಸಿನವರಿಗೆ ಆ ಎರಡು ಧಾರಾವಾಹಿಗಳು ಇಂದಿಗೂ ಈಟೀವಿಯವೇ. ಸಿಹಿಕಹಿ ಚಂದ್ರು ನಿರ್ದೇಶಿಸಿದ 'ಪಾಪ ಪಾಂಡು'ವಿನಲ್ಲಿ ಚಿದಾನಂದ್ ಪಾಂಡು ಆದರೆ ಶಾಲಿನಿ ಅವನ ಹೆಂಡತಿ ಶ್ರೀಮತಿ. ಹೆಂಡತಿಯ ಏಟು ಬೀಳುವ ಮೊದಲು ಪಾಂಡುವಿನ ಮುಖದಲ್ಲಿ ಹಾದುಹೋಗುವ ಆ ಗಾಬರಿಯನ್ನು ಇನ್ನಾರೂ ತರಲಾರರು ಎಂದು ವ್ಯಾಪಾರಿಯ ವಾದ. ಮೇಷ್ಟ್ರು ಹೇಳಿದರು: "ಏಟಿನಿಂದ ನಗು ತರಿಸೋದು ಸುಲಭ. 'ಸಿಲ್ಲಿ ಲಲ್ಲಿ'ಯ ಡಾಕ್ಟರ್ ವಿಠ್ಠಲ್ ರಾವ್ ನೋಡಿ, ಸಮಾಜಸೇವಕಿ ಲಲಿತಾಂಬ ನೋಡಿ. ತಾವು ಪೆದ್ದರು ಅಂತ ಅವರಿಗೇ ಗೊತ್ತಿಲ್ಲ. ನಮ್ಮ ಸ್ಟಾಫ್ ರೂಮಿನ ಹಾಗೆ."

ಕಾಲೇಜು ಹುಡುಗನಿಗೆ ಇವೆರಡೂ ಅಜ್ಜಂದಿರ ಕಾಲದವು. ಅವನು 2016ರಲ್ಲಿ ಜೀ ಕನ್ನಡದಲ್ಲಿ ಶುರುವಾದ 'ಕಾಮಿಡಿ ಕಿಲಾಡಿಗಳು' ಎಂದ. ಹಳ್ಳಿ, ಸಣ್ಣ ಊರುಗಳ ಹುಡುಗರು ವೇದಿಕೆ ಹತ್ತುತ್ತಾರೆ, ಕೆ.ಆರ್. ಪೇಟೆ ಶಿವರಾಜ್ ಅವರಂತೆ ಊರನ್ನೇ ಹೆಸರಿನಲ್ಲಿ ಹೊತ್ತು ಗೆಲ್ಲುತ್ತಾರೆ, ಐದು ನಿಮಿಷದಲ್ಲಿ ನಗಿಸದಿದ್ದರೆ ಕೆಳಗಿಳಿಯುತ್ತಾರೆ ಎಂಬುದು ಅವನ ಸಮರ್ಥನೆ. ನನ್ನ ಸರದಿ ಬಂದಾಗ ನಾನು ಗಡಿಯಾಚೆಗೆ ಹೋದೆ: ಅನ್ವರ್ ಮಕ್ಸೂದ್ ಪ್ರಶ್ನೆ ಕೇಳುವ, ಮೊಯಿನ್ ಅಖ್ತರ್ ಪ್ರತಿ ಕಂತಿನಲ್ಲೂ ಹೊಸ ಮನುಷ್ಯನಾಗಿ ಬಂದು ಉತ್ತರಿಸುವ 'ಲೂಸ್ ಟಾಕ್'. ಮೊಯಿನ್ ಅಖ್ತರ್ 2011ರಲ್ಲಿ ತೀರಿಕೊಂಡರು, ಆದರೂ ಇಂಟರ್‌ನೆಟ್‌ನಲ್ಲಿ ಈಗಲೂ ನಗಿಸುತ್ತಿದ್ದಾರೆ.

"ಹಾಗಾದರೆ ಅಳತೆಗೋಲು ಯಾವುದು?" ಎಂದು ಮೇಷ್ಟ್ರು ಕೇಳಿದರು.

"ಅದರಲ್ಲೇನಿದೆ? ಯಾವುದಕ್ಕೆ ಜಾಸ್ತಿ ನಕ್ಕೆವೋ ಅದೇ ದೊಡ್ಡದು" ಎಂದರು ವ್ಯಾಪಾರಿ.

ಅಷ್ಟರಲ್ಲಿ ಟೀವಿಯೊಳಗೆ ಒಬ್ಬ 'ಸಾಬಿ' ಬಂದ. ಚೌಕುಳಿ ಲುಂಗಿ, ಹಸಿರು ಬೆಲ್ಟು, ಕಣ್ಣಿಗೆ ಸುರ್ಮಾ, ಕಂಕುಳಲ್ಲಿ ಕೋಳಿ. ಬಾಯಿ ತೆರೆದರೆ 'ನಮ್ದುಕೆ, ನಿಮ್ದುಕೆ'. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆಮೇಲೆ ವ್ಯಾಪಾರಿ ನನ್ನ ಕಡೆ ನೋಡಿ ತಟ್ಟನೆ ನಗು ನಿಲ್ಲಿಸಿದರು. "ತಪ್ಪು ತಿಳ್ಕೋಬೇಡಿ ಸಾಹೇಬ್ರೆ" ಎಂದರು. "ಛೆ, ಅದರಲ್ಲೇನಿದೆ" ಎಂದೆ. ಮಾತು ಅಡಿಕೆಯ ಧಾರಣೆಯ ಕಡೆಗೆ ಹೊರಳಿತು. ರೈಲು ಬಂತು, ಮೇಷ್ಟ್ರು ಹೋದರು.

ಅದರಲ್ಲಿ ಏನಿದೆ ಎಂದು ನಾನು ಬಹಳ ದಿನ ಯೋಚಿಸಿದ್ದೇನೆ. ಸುಮಾರು ಹತ್ತು ವರ್ಷಗಳ ಹಿಂದಿನ ಒಂದು ರಾತ್ರಿಯ ಮಾತು. ಇಂಥದ್ದೇ ಒಂದು ಪ್ರಹಸನವನ್ನು ಮನೆಮಂದಿಯೆಲ್ಲ ನೋಡುತ್ತಿದ್ದೆವು. ಚಿಕ್ಕವನಾಗಿದ್ದ ನನ್ನ ಮಗ ಆ ಸಾಬಿಯ ಮಾತನ್ನು ಅನುಕರಿಸಿ, ಅಮ್ಮೀ ಕಡೆ ತಿರುಗಿ, "ದಾದಿ ಮಾತಾಡಿದ ಹಾಗೇ ಇದೆ!" ಎಂದ. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅಮ್ಮೀ ಕೂಡ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಕ್ಕರು.

ಅಮ್ಮೀ ಬದುಕಿನ ಬಹುಭಾಗ ಕಳೆದದ್ದು ಅಜ್ಜಂಪುರದಲ್ಲಿ. ಶಾಲೆಯಲ್ಲಿ ಕನ್ನಡ ಕಲಿತವರಲ್ಲ. ಸಂತೆಯಲ್ಲಿ ಈರುಳ್ಳಿ ಚೌಕಾಸಿ ಮಾಡುತ್ತಾ, ಪಕ್ಕದ ಮನೆಯ ಗೌಡ್ತಿಯ ಬಾಣಂತನಕ್ಕೆ ನಿಲ್ಲುತ್ತಾ ಕಲಿತ ಕನ್ನಡ ಅದು. ಲಿಂಗ, ವಚನಗಳ ತಕರಾರು ಅದರಲ್ಲಿತ್ತು, ಆದರೆ ಅಂಜಿಕೆ ಇರಲಿಲ್ಲ. "ನಮ್ದು ಮಂಡಿ ನೋವು ಐತೆ ಡಾಕ್ಟ್ರೆ, ರಾತ್ರಿಗೆ ನಿದ್ದೆ ಬಿಡಲ್ಲ" ಎಂದು ತಮ್ಮ ಕಾಯಿಲೆಯನ್ನು ತಾವೇ ಹೇಳುತ್ತಿದ್ದರು. ಆ ರಾತ್ರಿಯ ಮರುದಿನ ಅವರನ್ನು ವೈದ್ಯರೊಬ್ಬರ ಬಳಿ ಕರೆದುಕೊಂಡು ಹೋಗಿದ್ದೆ. "ಏನಾಗುತ್ತೆ ಅಮ್ಮಾ?" ಎಂದು ವೈದ್ಯರು ಕೇಳಿದರು. ಅಮ್ಮೀ ನನ್ನ ಮುಖ ನೋಡಿ ಮೆಲ್ಲಗೆ, "ತೂ ಬೋಲ್" ಎಂದರು. ನೀನೇ ಹೇಳು. ಅಂದಿನಿಂದ ಹೊರಗಿನವರ ಎದುರು ಅವರ ಕನ್ನಡ ಕಡಿಮೆಯಾಗುತ್ತಾ ಹೋಯಿತು. ಅವರು ಈಗಿಲ್ಲ. ಕೊನೆಯ ವರ್ಷಗಳಲ್ಲಿ ಅವರ ನೋವನ್ನೆಲ್ಲ ನಾನೇ ಕನ್ನಡಕ್ಕೆ ತಂದು ಹೇಳಬೇಕಾಗಿತ್ತು. ಎಷ್ಟನ್ನು ಸರಿಯಾಗಿ ಹೇಳಿದೆನೋ!

ಹಾಗೆಂದು ಮಾತಿನ ತೊಡಕು ನಗುವಿಗೆ ತಕ್ಕದ್ದಲ್ಲ ಎನ್ನಲಾರೆ. ಅಜ್ಜಂಪುರದ ಉರ್ದು ಶಾಲೆ ಮುಗಿಸಿ ತರೀಕೆರೆಯಲ್ಲಿ ಕನ್ನಡ ಹೈಸ್ಕೂಲು ಸೇರಿದಾಗ ಹುಡುಗರು ಮೊದಲು ಕೊಟ್ಟ ಪರೀಕ್ಷೆ ಯಾವುದೆಂದು ಓದುಗರು ಊಹಿಸಬಲ್ಲರು: ತರೀಕೆರೆಯ ಏರಿಯ ಮೇಲೆ ಮೇಯುವ ಆ ಮೂರು ಕರಿ ಕುರಿಮರಿಗಳು. ನಾಡಿನ ಮಕ್ಕಳೆಲ್ಲ ಆ ಊರನ್ನು ನೋಡುವ ಮೊದಲೇ ಅದರ ಮೇಲೆ ಎಡವಿ ಬಿದ್ದಿರುತ್ತಾರೆ. ನಾನು ಎರಡನೇ ಸಲಕ್ಕೇ ಎಡವಿದೆ. ತರಗತಿ ನಕ್ಕಿತು. ಆಮೇಲೆ ನಕ್ಕವನ ಸರದಿ, ಅವನೂ ಎಡವಿದ. ಕೊನೆಗೆ ಕನ್ನಡ ಪಂಡಿತರೇ ಹೇಳಲು ಹೋಗಿ ಕುರಿಯನ್ನು ಕೆರೆಗೆ ಬೀಳಿಸಿದರು. ಆ ದಿನ ನಕ್ಕಷ್ಟು ನಾನು ಶಾಲೆಯಲ್ಲಿ ಇನ್ನೆಂದೂ ನಗಲಿಲ್ಲ. ಮರುದಿನ ಬೇಗ ಎದ್ದು ಶಾಲೆಗೆ ಓಡಿದೆ.

ಎರಡೂ ನಾಲಿಗೆ ತೊಡರಿದ್ದಕ್ಕೆ ಬಂದ ನಗುಗಳೇ. ಒಂದರ ಮರುದಿನ ನನಗೆ ಮಾತು ಹೆಚ್ಚಾಯಿತು, ಇನ್ನೊಂದರ ಮರುದಿನ ಅಮ್ಮೀಗೆ ಮಾತು ನಿಂತಿತು. ನನ್ನ ಅಳತೆಗೋಲು ಇಲ್ಲಿಂದಲೇ ಹುಟ್ಟಿತು.

ನಗುವಿನ ಬಗ್ಗೆ ಹಿರಿಯರು ಯೋಚಿಸದೆ ಬಿಟ್ಟಿಲ್ಲ. ಭರತನ ನಾಟ್ಯಶಾಸ್ತ್ರ ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ಎರಡಾಗಿ ನೋಡುತ್ತದೆ. ತಾನೇ ನಗುವುದು ಒಂದು, ಪರರನ್ನು ನಗಿಸುವುದು ಇನ್ನೊಂದು. ಮುಗುಳ್ನಗೆಯಾದ ಸ್ಮಿತದಿಂದ ಅಬ್ಬರದ ಅತಿಹಸಿತದವರೆಗೆ ಆರು ಬಗೆಗಳನ್ನೂ ಎಣಿಸುತ್ತದೆ. ಅಬ್ಬರದ ನಗುವಿಗೆ ಅಲ್ಲಿರುವುದು ಕೆಳಗಿನ ಸ್ಥಾನ. ನಮ್ಮ ವ್ಯಾಪಾರಿ ಮಿತ್ರರ ಅಳತೆಗೋಲನ್ನು ಭರತ ಒಪ್ಪುತ್ತಿರಲಿಲ್ಲ. ಹದಿನೇಳನೇ ಶತಮಾನದ ಇಂಗ್ಲಿಷ್ ತತ್ವಜ್ಞಾನಿ ಥಾಮಸ್ ಹಾಬ್ಸ್ ಇನ್ನೂ ಕಟು: ಇನ್ನೊಬ್ಬನಿಗಿಂತ ನಾನು ಮೇಲು ಎಂದು ಥಟ್ಟನೆ ಅನಿಸಿದಾಗ ಹುಟ್ಟುವ ಹಿಗ್ಗೇ ನಗು ಎಂಬುದು ಅವನ ಎಣಿಕೆ. ಕುರ್‌ಆನ್‌ನ ಹುಜುರಾತ್ ಅಧ್ಯಾಯವು ಒಂದು ಜನ ಇನ್ನೊಂದು ಜನವನ್ನು ಅಪಹಾಸ್ಯ ಮಾಡದಿರಲಿ ಎಂದು ಎಚ್ಚರಿಸುವಾಗ ಈ ಹಿಗ್ಗಿನ ಬೇರಿಗೇ ಕೈಹಾಕುತ್ತದೆ. ಅವರು ನಿಮಗಿಂತ ಉತ್ತಮರಿರಬಹುದಲ್ಲ ಎಂದು ಕೇಳುತ್ತದೆ.

ಹಾಗಾದರೆ ಧರ್ಮಕ್ಕೆ ನಗು ಬೇಡವೇ? ಪ್ರವಾದಿ(ಸ)ಯವರ ತಮಾಷೆಯ ಪ್ರಸಂಗವೊಂದನ್ನು ನಾವು ಚಿಕ್ಕಂದಿನಲ್ಲೇ ಕೇಳಿದ್ದೇವೆ. ಸ್ವರ್ಗಕ್ಕಾಗಿ ಪ್ರಾರ್ಥಿಸಿ ಎಂದು ಬಂದ ಮುದುಕಿಗೆ, ಮುದುಕಿಯರು ಸ್ವರ್ಗಕ್ಕೆ ಹೋಗುವುದಿಲ್ಲ ಎಂದರು. ಆಕೆ ಅಳುತ್ತಾ ಹಿಂತಿರುಗಿದಳು. ಕೂಡಲೇ, ಆಕೆ ಮುದುಕಿಯಾಗಿ ಹೋಗುವುದಿಲ್ಲ, ಯುವತಿಯಾಗಿ ಹೋಗುತ್ತಾಳೆಂದು ತಿಳಿಸಿ ಎಂದರು. ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಆ 'ಕೂಡಲೇ'. ಆಕೆ ಆ ದುಃಖ ಹೊತ್ತು ಮನೆ ಮುಟ್ಟಲು ಅವರು ಬಿಡಲಿಲ್ಲ.

ಟೀವಿಯ ಹಾಸ್ಯಕ್ಕೆ ಆ 'ಕೂಡಲೇ' ಇರುವುದಿಲ್ಲ. ಅದು ನಗಿಸಿ ಜಾಹೀರಾತಿಗೆ ಹೋಗಿಬಿಡುತ್ತದೆ. ಬ್ರಿಟನ್ನಿನಲ್ಲಿ 1977ರಲ್ಲಿ ಶುರುವಾದ 'ಮೈಂಡ್ ಯುವರ್ ಲ್ಯಾಂಗ್ವೇಜ್' ಇದಕ್ಕೆ ಹೆಸರಾದ ಉದಾಹರಣೆ. ಇಂಗ್ಲಿಷ್ ಕಲಿಯಲು ಬಂದ ಪರದೇಶಿಗಳ ರಾತ್ರಿ ತರಗತಿ. ಅವರ ತಪ್ಪುಗಳೇ ಹಾಸ್ಯ. ಅಲ್ಲಿ ಜಮೀಲಾ ಎಂಬ ಭಾರತೀಯ ಗೃಹಿಣಿ ಇದ್ದಾಳೆ. ಇಂಗ್ಲಿಷ್ ಬಾರದು, ಹೆಣಿಗೆ ಹಾಕುತ್ತಾ ಕೂರುತ್ತಾಳೆ. ಜನಪ್ರಿಯವಾಗಿದ್ದಾಗಲೇ, 1979ರಲ್ಲಿ, ಜನಾಂಗಗಳನ್ನು ಹೀಗೆ ಒಂದೇ ಅಚ್ಚಿಗೆ ಹಾಕುವುದು ಸರಿಯಲ್ಲವೆಂದು ವಾಹಿನಿಯ ಅಧಿಕಾರಿ ಮೈಕೆಲ್ ಗ್ರೇಡ್ ಅದನ್ನು ನಿಲ್ಲಿಸಿದರು. ಅದರ ಮಾದರಿಯಲ್ಲೇ 1993ರಲ್ಲಿ ನಮ್ಮಲ್ಲಿ ಹಿಂದಿ ತರಗತಿಯ 'ಜಬಾನ್ ಸಂಭಾಲ್‌ಕೆ' ಬಂತು. ಪಂಕಜ್ ಕಪೂರ್ ಮೇಷ್ಟ್ರು. ನಾನು ಅದನ್ನು ನೋಡಿ ಉರುಳಾಡಿ ನಕ್ಕಿದ್ದೇನೆ. ಇಂದು ಜಮೀಲಾಳನ್ನು ನೋಡಿದರೆ ನನಗೆ ವೈದ್ಯರ ಮುಂದೆ ಕುಳಿತ ಅಮ್ಮೀ ನೆನಪಾಗುತ್ತಾರೆ.

ಉಚ್ಚಾರಣೆಯೇ ಪಾಪವಲ್ಲ ಎನ್ನುವುದಕ್ಕೆ ನಮ್ಮ ದಖನಿಯೇ ಸಾಕ್ಷಿ. 1965ರ 'ಗುಮ್‌ನಾಮ್' ಚಿತ್ರದಲ್ಲಿ ಮೆಹಮೂದ್ ಹೈದರಾಬಾದಿ ದಖನಿ ಆಡಿ ದೇಶವನ್ನೇ ನಗಿಸಿದರು. ಆಮೇಲೆ ದಖನಿ ಎಂದರೆ ಅಡುಗೆಯವನ, ಕೋಡಂಗಿಯ ಮಾತು ಎಂದಾಯಿತು. ಉರ್ದು ಶಾಲೆಯಲ್ಲಿ ನಾವು 'ನಕ್ಕೋ' ಎಂದರೆ ಉಸ್ತಾದರು ಬೆತ್ತ ತೋರಿಸುತ್ತಿದ್ದರು. ಅದೇ ಭಾಷೆಯಲ್ಲಿ ಬೀದರ್ ಸೀಮೆಯ ಚಿಟಗುಪ್ಪದಲ್ಲಿ ಹುಟ್ಟಿ ಕಲಬುರಗಿಯಲ್ಲಿ ಬಾಳಿದ ಸುಲೇಮಾನ್ ಖತೀಬ್ ಕವಿತೆ ಬರೆದರು. ಅವರು ತೀರಿಕೊಂಡದ್ದು 1978ರಲ್ಲಿ. ಅವರ ಅತ್ತೆ, ಸೊಸೆ, ಬಡ ತಾಯಂದಿರು ದಖನಿಯಲ್ಲೇ ಜಗಳವಾಡುತ್ತಾರೆ. ಕೇಳುವವರು ನಗುತ್ತಾ ನಗುತ್ತಾ ಯಾವಾಗ ಕಣ್ಣೊರೆಸಿಕೊಳ್ಳಲು ಶುರುಮಾಡಿದೆವೆಂದು ತಿಳಿಯದು. ಖತೀಬರ ಪಾತ್ರಗಳಿಗೆ ಮಾತಿನ ಜೊತೆಗೆ ಹೇಳಲು ಒಂದು ವಿಷಯವೂ ಇತ್ತು.

ಈ ತಕ್ಕಡಿಯಲ್ಲಿ ನನ್ನನ್ನೂ ತೂಗಿಕೊಳ್ಳಬೇಕು. ಬರವಣಿಗೆ ಶುರುಮಾಡಿದ ದಿನಗಳಲ್ಲಿ ಒಂದು ಕಥೆಯಲ್ಲಿ ತಾಂಡಾದ ಲಂಬಾಣಿ ಮುದುಕಿಯೊಬ್ಬಳನ್ನು ತಂದಿದ್ದೆ. ಅವಳ ಕನ್ನಡವನ್ನು ಬೇಕೆಂದೇ ತಿರುಚಿದ್ದೆ. ಗೆಳೆಯರು ಓದಿ ಮೆಚ್ಚಿ ನಕ್ಕಿದ್ದರು. ಒಂದು ಸಭೆಯಲ್ಲಿ ಆ ಸಮುದಾಯದ ಯುವ ಶಿಕ್ಷಕರೊಬ್ಬರು ಬಂದು ಬಹಳ ವಿನಯದಿಂದ ಕೇಳಿದರು: "ಸಾರ್, ನಿಮ್ಮ ಕಥೆಯಲ್ಲಿ ನಮ್ಮಜ್ಜಿ ಬೇರೆ ಏನೂ ಹೇಳೋದೇ ಇಲ್ಲವಲ್ಲ?" ನನ್ನ ಬಳಿ ಉತ್ತರವಿರಲಿಲ್ಲ. ನಮ್ಮ ಮನೆಗಳಲ್ಲಿ ಕೂಡ ನೆರೆಯವರು ಉರ್ದು ಆಡಲು ಹೋಗಿ 'ಔರತ್ ಆತಾ ಹೈ' ಎಂದರೆ ಅವರು ಹೋದ ಮೇಲೆ ಆಡಿಕೊಂಡು ನಗುತ್ತೇವೆ. ಅವರು ಪ್ರೀತಿಯಿಂದ ನಮ್ಮ ಭಾಷೆಯ ಕಡೆಗೆ ನಾಲ್ಕು ಹೆಜ್ಜೆ ಇಟ್ಟವರು ಎಂಬುದು ನೆನಪಾಗುವುದಿಲ್ಲ.

ವಾರದ ನಂತರ ಮೇಷ್ಟ್ರು ಫೋನ್ ಮಾಡಿದಾಗ ಇದನ್ನೆಲ್ಲ ಹೇಳಿದೆ. ಅವರು ತಕರಾರು ತೆಗೆದರು: "ಹೀಗೆ ಎಲ್ಲರೂ ನೊಂದುಕೊಂಡರೆ ಟೀವಿಯಲ್ಲಿ ಹವಾಮಾನ ವರದಿ ಒಂದೇ ಉಳಿಯುತ್ತೆ. ಪಾಂಡು ಏಟು ತಿಂದ ಅಂತ ಗಂಡಸರು ಯಾರಾದರೂ ದೂರು ಕೊಟ್ಟರಾ?"

ಮಾತು ತೂಕದ್ದೇ. ಆದರೆ ಪಾಂಡುವನ್ನೂ ಶ್ರೀಮತಿಯನ್ನೂ ಅದಲುಬದಲು ಮಾಡಿ ನೋಡಿ. ಗಂಡ ದಿನಾ ಹೆಂಡತಿಗೆ ಬಾರಿಸುವ ಧಾರಾವಾಹಿಯನ್ನು ಹಾಸ್ಯವೆಂದು ನೋಡಲಾದೀತೇ? ಪಾಂಡುವಿಗೆ ಬೀಳುವ ಏಟು ನಗು ತರುವುದು ಟೀವಿಯ ಹೊರಗಿನ ಮನೆಗಳಲ್ಲಿ ಏಟು ಹೆಚ್ಚಾಗಿ ಇನ್ನೊಂದು ದಿಕ್ಕಿಗೆ ಬೀಳುವುದರಿಂದ. ಧಾರಾವಾಹಿ ಮುಗಿದ ಮೇಲೆ ಗಂಡಸು ಗಂಡಸಾಗಿಯೇ ಮೀಸೆ ತಿರುವಿಕೊಂಡು ಹೊರಗೆ ಹೋಗುತ್ತಾನೆ. 1989ರಲ್ಲಿ ಜಸ್‌ಪಾಲ್ ಭಟ್ಟಿಯವರ 'ಫ್ಲಾಪ್ ಶೋ', 2001ರ 'ಆಫೀಸ್ ಆಫೀಸ್' ಕೂಡ ಹಾಗೆಯೇ. ಪಂಕಜ್ ಕಪೂರ್ ಆಡಿದ ಮುಸದ್ದಿಲಾಲ್ ಕಚೇರಿಯಿಂದ ಕಚೇರಿಗೆ ಅಲೆದಾಗ ನಾವು ನಕ್ಕದ್ದು ಲಂಚದ ಮೇಜಿನ ಆಚೆ ಕುಳಿತವರನ್ನು ಕಂಡು. ಮರುದಿನ ಅರ್ಜಿ ಹಿಡಿದು ಹೋಗುವವನಿಗೆ ಅದರಿಂದ ಸ್ವಲ್ಪ ಧೈರ್ಯವೇ ಬಂತು.

ನಾನು ಯಾವುದನ್ನೂ ನಿಷೇಧಿಸಿ ಎನ್ನುವುದಿಲ್ಲ. ಸಾಬಿಯನ್ನು ಹಾಸ್ಯದಿಂದ ಹೊರಗಿಡಿ ಎಂದರೆ ಅದು ಇನ್ನೊಂದು ಬಗೆಯ ಬಹಿಷ್ಕಾರ. ನನ್ನ ಬೇಡಿಕೆ ಅವನಿಗೆ ಇನ್ನಷ್ಟು ಜಾಗ ಕೊಡಿ ಎಂಬುದು. ಅವನಿಗೂ ಸಕ್ಕರೆ ಕಾಯಿಲೆ ಇರಲಿ, ಕರೆಂಟ್ ಬಿಲ್ಲಿನ ಜಗಳ ಇರಲಿ, ಮಸೀದಿ ಕಮಿಟಿಯ ರಾಜಕೀಯವಿರಲಿ. ಕೆನಡಾದಲ್ಲಿ ಜರ್ಕಾ ನವಾಜ್ ಎಂಬ ಮಹಿಳೆ ರೂಪಿಸಿದ 'ಲಿಟಲ್ ಮಾಸ್ಕ್ ಆನ್ ದ ಪ್ರೇರಿ' 2007ರಿಂದ 2012ರವರೆಗೆ ಇದನ್ನೇ ಮಾಡಿತು. ಸಣ್ಣ ಊರು, ಚರ್ಚಿನ ಜಾಗದಲ್ಲೇ ಒಂದು ಮಸೀದಿ. ಒಳಗಿನವರ ಪೆದ್ದುತನ, ಹೊರಗಿನವರ ಭಯ ಎರಡೂ ಅಲ್ಲಿ ಹಾಸ್ಯಕ್ಕೆ ಒದಗುತ್ತವೆ. ಕಡೂರು, ತರೀಕೆರೆ, ಅಜ್ಜಂಪುರಗಳಲ್ಲಿ ಅಂಥ ಸಾಮಗ್ರಿಗೆ ಏನು ಕಡಿಮೆ?

ಯಾವ ಹಾಸ್ಯ ದೊಡ್ಡದು ಎಂಬ ವಾದದಲ್ಲಿ ಈಗ ನನ್ನ ಓಟು ಇಷ್ಟೇ. ಎಷ್ಟು ಜನ ನಕ್ಕರು ಎಂದು ಆ ರಾತ್ರಿಯೇ ಎಣಿಸಬೇಡಿ. ಯಾರನ್ನು ಕುರಿತು ನಕ್ಕೆವೋ ಅವರೂ ಜೊತೆಗೆ ನಕ್ಕರು ಎಂಬುದನ್ನೂ ಪೂರ್ತಿ ನಂಬಬೇಡಿ, ಅಮ್ಮೀ ಕೂಡ ನಕ್ಕಿದ್ದರು. ಒಂದು ದಿನ ಕಾಯಿರಿ. ಮರುದಿನ ಅವರು ಸಂತೆಯಲ್ಲಿ, ಬಸ್ಸಿನಲ್ಲಿ, ವೈದ್ಯರ ಮುಂದೆ ತಮ್ಮ ಮಾತನ್ನು ತಾವೇ ಆಡಿದರೆ ಆ ಹಾಸ್ಯ ದೊಡ್ಡದು.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೂ 'ಸಿಲ್ಲಿ ಲಲ್ಲಿ'ಯೇ ಗೆಲ್ಲುತ್ತೆ ಭಾಯ್" ಎಂದರು. ಇಬ್ಬರೂ ನಕ್ಕೆವು. ಮರುದಿನ ಬೆಳಿಗ್ಗೆ ತರೀಕೆರೆಯಿಂದ ಫೋನ್ ಬಂತು. ಮೇಷ್ಟ್ರು ವ್ಯಾಪಾರಿಗೂ ವಿಷಯ ಮುಟ್ಟಿಸಿದ್ದರು. ವಾದ ಇನ್ನೂ ಮುಗಿದಿಲ್ಲ.